ಮಗಳನ್ನು ಕರೆತರುವ ಪ್ರಯಾಣ

ವಾರ್ಷಿಕ ಪರೀಕ್ಷೆಯು ತೀರಿದ ದಿವಸ ನಮ್ಮ ಬೋರ್ಡಿಂಗಿನ ಅಂಗಳದಲ್ಲಿ ಟ್ರಂಕುಗಳೂ ಹಾಸಿಗೆಯ ಸುರುಳಿಗಳೂ ಸಾಲಾಗಿ ಕೂಡಿರುತ್ತವೆ. ತಾಯಂದಿರು ಬಂದು, "ಎಷ್ಟು ಬಡವಾಗಿದ್ದೀಯೇ!" ಎಂದು ಮಕ್ಕಳ ಗಲ್ಲವನ್ನು ಸವರುತ್ತಾರೆ, ತಂದೆಗಳು ಫೀಜಿನ ರಸೀತಿಯನ್ನು ಕೇಳುತ್ತಾರೆ, ಕಾಲು ಗಂಟೆಯೊಳಗೆ ಎಲ್ಲರೂ ಹೊರಟುಹೋಗುತ್ತಾರೆ. ತಾನು ಕೂಡ್ರುತ್ತಿದ್ದ ಬೆಂಚನ್ನೂ ನೀರೆರೆದು ಬೆಳಸಿದ ಗಿಡವನ್ನೂ ತೋರಿಸಬೇಕೆಂದು ಹುಡುಗಿಯು ತಾಯಿಯ ಸೆರಗನ್ನು ಹಿಡಿದೆಳೆದರೆ, ಬಸ್ಸಿಗೆ ಹೊತ್ತಾಯಿತೆಂಬ ಉತ್ತರವೇ ದೊರೆಯುವುದು. ಇದನ್ನು ನೋಡಿದಾಗಲೆಲ್ಲಾ ದೂರದೇಶದ ಒಂದು ಪದ್ಧತಿಯು ನನ್ನ ನೆನಪಿಗೆ ಬರುವುದುಂಟು. ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಅದನ್ನು ಇಲ್ಲಿ ವಿವರಿಸುತ್ತೇನೆ.

ಮಿಶನರಿಯೆಂದೊಡನೆ ನಮ್ಮ ಮನಸ್ಸಿಗೆ ಬರುವವರು ಆಯುಷ್ಯವನ್ನೆಲ್ಲಾ ಪರದೇಶದಲ್ಲಿ ಸವೆಯಿಸಿದವರು. 1853ರಲ್ಲಿ ಈ ದೇಶಕ್ಕೆ ಬಂದು 1894ರಲ್ಲಿ ತಮ್ಮ ಕನ್ನಡ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲ್ ಪಂಡಿತರು ಅಂಥವರೇ. ಅವರನ್ನು ಕರೆದೊಯ್ಯಲು ತಾಯಿತಂದೆಗಳು ಹಡಗು ಹತ್ತಿ ಬರುವ ಮಾತೇ ಇರಲಿಲ್ಲ. ಆದರೆ ಮಿಶನರಿ ಸೇವೆಯು ಎರಡು ವರ್ಷಗಳಲ್ಲಿ ಮುಗಿಯುವ ಒಂದು ಸಭೆಯು ಅಮೆರಿಕದಲ್ಲಿ ಉಂಟು. 1830ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಆರಂಭವಾಗಿ, ಈಗ ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ಪಟ್ಟಣವನ್ನು ಕೇಂದ್ರವಾಗಿ ಮಾಡಿಕೊಂಡಿರುವ ಈ ಸಭೆಯವರನ್ನು ಜನರು ಮಾರ್ಮನರೆಂದು ಕರೆಯುವರು. ತಮ್ಮನ್ನು ಅವರು ಕಡೇ ದಿವಸಗಳ ಪರಿಶುದ್ಧರೆಂದು ಹೇಳಿಕೊಳ್ಳುತ್ತಾರೆ. 1993ರಿಂದ ಬೆಂಗಳೂರಿನಲ್ಲಿಯೂ ಅವರದೊಂದು ಮಿಶನ್ ಇದೆ. ಅವರ ಬೋಧನೆಯು ಅನೇಕ ವಿಷಯಗಳಲ್ಲಿ ನಮ್ಮ ಸಭೆಗಳ ಬೋಧನೆಯಿಂದ ಬೇರೆಯಾದದ್ದು; ಆ ಚರ್ಚೆಗೆ ಇಲ್ಲಿ ಕೈಹಾಕುವುದಿಲ್ಲ. ಅವರ ಮನೆತನಗಳಲ್ಲಿ ನಡೆಯುವ ಒಂದು ಸಂಗತಿಯನ್ನು ಮಾತ್ರ ಹೇಳುವೆನು.

ಆ ಸಭೆಯ ತರುಣರು ಹದಿನೆಂಟನೆಯ ವಯಸ್ಸಿನಿಂದ 24 ತಿಂಗಳು, ತರುಣಿಯರು 18 ತಿಂಗಳು ಮಿಶನರಿಗಳಾಗಿ ದುಡಿಯುತ್ತಾರೆ. ತರುಣಿಯರಿಗೆ ಮೊದಲು 21 ವರ್ಷ ತುಂಬಿರಬೇಕಾಗಿತ್ತು. 2012ರಲ್ಲಿ ಅದು 19 ಆಯಿತು, 2025ರಲ್ಲಿ 18ಕ್ಕೆ ಇಳಿಯಿತು. ಯಾವ ದೇಶಕ್ಕೆ ಹೋಗಬೇಕೆಂಬುದನ್ನು ಅವರು ತಾವಾಗಿ ಆರಿಸಿಕೊಳ್ಳುವಂತಿಲ್ಲ. ನೇಮಕದ ಪತ್ರವು ಬಂದ ಮೇಲೆ ಕೆಲವು ವಾರ ಆ ದೇಶದ ಭಾಷೆಯನ್ನು ಕಲಿತು ಹೊರಡುತ್ತಾರೆ. ಸಂಬಳವಿಲ್ಲ, ಬದಲಿಗೆ ಮನೆಯವರೇ ತಿಂಗಳು ತಿಂಗಳು ಹಣವನ್ನು ಕಟ್ಟಬೇಕು. ಅಮೆರಿಕದವರಿಗೆ 2020ರಲ್ಲಿ ಇದನ್ನು 500 ಡಾಲರೆಂದು ಗೊತ್ತುಮಾಡಲಾಯಿತು. ಅವರು ಯಾವಾಗಲೂ ಇಬ್ಬಿಬ್ಬರಾಗಿಯೇ ಇರತಕ್ಕದ್ದು, ಒಂಟಿಯಾಗಿ ತಿರುಗಕೂಡದು. ಸೇವೆಯ ನಡುವೆ ತಾಯಿತಂದೆಗಳು ನೋಡಲು ಬರುವ ವಾಡಿಕೆಯಿಲ್ಲ. 2019ರ ವರೆಗೆ ಮನೆಗೆ ಫೋನು ಮಾಡುವುದು ಸಹ ವರ್ಷಕ್ಕೆ ಎರಡೇ ಸಾರಿ, ಕ್ರಿಸ್‌ಮಸ್ಸಿನಲ್ಲಿ ಮತ್ತು ತಾಯಂದಿರ ದಿನದಲ್ಲಿ. ಆ ವರ್ಷದ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತಾಡಲು ಅಪ್ಪಣೆಯಾಯಿತು.

ಸೇವೆ ಮುಗಿದ ಮಿಶನರಿಯು ನೆಟ್ಟಗೆ ಮನೆಗೆ ಹೋಗತಕ್ಕದ್ದು. ಬೇರೆ ಕಡೆಗೆ ಹೋಗುವುದಾದರೆ ತಾಯಿತಂದೆಗಳಲ್ಲಿ ಒಬ್ಬರಾದರೂ ಸಂಗಡ ಇರಲೇಬೇಕು. ಈ ನಿಯಮದ ಆಧಾರದಿಂದಲೇ, ಅನುಕೂಲವುಳ್ಳವರು ತಾವೇ ಹೋಗಿ ಮಗುವನ್ನು ಕರೆತರುವ ಪದ್ಧತಿಯು ಬೆಳೆದಿದೆ. ಮಿಶನ್ ಅಧ್ಯಕ್ಷರಿಗೆ ಮುಂಚಿತವಾಗಿ ಬರೆದು ದಿವಸವನ್ನು ಗೊತ್ತುಮಾಡಿಕೊಂಡು, ಹೆಚ್ಚಿನ ಖರ್ಚನ್ನು ತಾವೇ ವಹಿಸಿಕೊಂಡು ಹೊರಡುತ್ತಾರೆ.

ಯೂಟಾದ ಒಂದು ಕುಟುಂಬವು ಫಿಲಿಪ್ಪೀನ್ಸ್ ದೇಶದ ಲುಜಾನ್ ದ್ವೀಪದಲ್ಲಿ ಸೇವೆಮಾಡಿದ ಮಗಳನ್ನು ಕರೆತರಲು ಹೊರಟಿತೆಂದು ಭಾವಿಸೋಣ. ಆ ದೇಶವು ಮುನ್ನೂರು ವರ್ಷಕ್ಕೂ ಮಿಕ್ಕಿ ಸ್ಪೇನಿನವರ ಕೈಯಲ್ಲಿದ್ದು, ಬಳಿಕ ಅಮೆರಿಕದವರ ವಶವಾಗಿ, 1946ರಲ್ಲಿ ಸ್ವತಂತ್ರವಾಯಿತು. ಈ ಸಭೆಯವರ ಕೆಲಸವು ಅಲ್ಲಿ 1961ರಲ್ಲಿ ಮೊದಲಾಯಿತು. ಅಲ್ಲಿಯ ಮಾತು ತಗಾಲೊಗ್. ತಾಯಿತಂದೆಗಳಿಗೆ ಆ ಭಾಷೆಯ ಒಂದಕ್ಷರವೂ ಬಾರದು. ಹದಿನೆಂಟು ತಿಂಗಳ ಹಿಂದೆ ಪೆಟ್ಟಿಗೆಯನ್ನು ಕಟ್ಟಿಕೊಳ್ಳಲು ತಾಯಿಯ ಸಹಾಯ ಬೇಕಾಗಿದ್ದ ಮಗಳು ಈಗ ಮುಂದೆ ನಡೆಯುತ್ತಾಳೆ. ತಾಯಿತಂದೆಗಳು ಶಾಲೆಯ ಮಕ್ಕಳಂತೆ ಅವಳ ಹಿಂದೆ ನಡೆಯುತ್ತಾರೆ.

ಮೊದಲು ಜೀಪ್ನಿಯ ಸವಾರಿ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಸೈನ್ಯವು ಬಿಟ್ಟುಹೋದ ಜೀಪುಗಳನ್ನು ಉದ್ದಮಾಡಿ, ಬಣ್ಣ ಬಳಿದು ಅಲ್ಲಿಯವರು ಮಾಡಿಕೊಂಡ ಬಂಡಿಯಿದು. ಹಿಂಬದಿಯಿಂದ ಹತ್ತಿ, ಎದುರುಬದುರಾದ ಎರಡು ಉದ್ದ ಬೆಂಚುಗಳಲ್ಲಿ ಕೂಡ್ರಬೇಕು. ಹಿಂದೆ ಕುಳಿತವನ ದುಡ್ಡು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ದಾಟಿ ಚಾಲಕನನ್ನು ಸೇರುವುದು. ಚಿಲ್ಲರೆಯು ಅದೇ ದಾರಿಯಿಂದ ಹಿಂದಿರುಗುವುದು. ಇಳಿಯುವವರು "ಪಾರಾ ಪೊ" ಎಂದು ಕೂಗಬೇಕು. ಆ "ಪೊ" ಎಂಬುದು ಮರ್ಯಾದೆಯ ಮಾತು. ನಮ್ಮ "ರೀ" ಇದ್ದಂತೆ. ತಂದೆಯು ಯಾರದೋ ದುಡ್ಡನ್ನು ಕೈಯಲ್ಲಿ ಹಿಡಿದುಕೊಂಡು ಏನುಮಾಡಬೇಕೆಂದು ತಿಳಿಯದೆ ಕುಳಿತಿರಲು, "ಮುಂದೆ ಕೊಡಿ, ಅಪ್ಪಾ" ಎಂದು ಮಗಳು ಹೇಳಿಕೊಡಬೇಕಾಗುವುದು.

ಬಳಿಕ ಅವಳು ಹೋಗಿಬರುತ್ತಿದ್ದ ಮನೆಗಳು. ಬಾಗಿಲಲ್ಲಿ ಚಪ್ಪಲಿಗಳನ್ನು ಬಿಟ್ಟು ಒಳಗೆ ಹೋಗುತ್ತಲೇ ಮಗಳು ಮುದುಕಿಯೊಬ್ಬಳ ಕೈಯನ್ನು ಹಿಡಿದು ತನ್ನ ಹಣೆಗೆ ಮುಟ್ಟಿಸಿಕೊಳ್ಳುವಳು. ಹಿರಿಯರಿಂದ ಆಶೀರ್ವಾದವನ್ನು ಬೇಡುವ ಆ ದೇಶದ ಕ್ರಮವಿದು. ಊಟಕ್ಕೆ ಕುಳಿತಲ್ಲಿಗೆ ಯಾರು ಬಂದರೂ "ಬನ್ನಿ, ಊಟಮಾಡೋಣ" ಎಂಬ ಅರ್ಥದಲ್ಲಿ "ಕಾಯಿನ್ ತಾಯೋ" ಎಂದು ಕರೆಯುವುದು ಅಲ್ಲಿಯ ವಾಡಿಕೆ. ಅನ್ನವಿಲ್ಲದ ಊಟವು ಅವರಿಗೂ ಊಟವಲ್ಲ. ಆ ಮುದುಕಿಯು ಕೈಸನ್ನೆಯಿಂದಲೂ ಅರ್ಧಂಬರ್ಧ ಇಂಗ್ಲಿಷಿನಿಂದಲೂ, ನಿಮ್ಮ ಮಗಳು ಜ್ವರದಲ್ಲಿ ಮಲಗಿದ್ದಾಗ ನಾನೇ ಗಂಜಿ ಕುಡಿಸಿದೆನೆಂದು ತಾಯಿಗೆ ತಿಳಿಸುವಳೆನ್ನೋಣ. ಆ ಜ್ವರದ ಸುದ್ದಿಯು ಯಾವ ಪತ್ರದಲ್ಲಿಯೂ ಬಂದಿರಲಿಲ್ಲ. ಮಕ್ಕಳು ಪತ್ರಗಳಲ್ಲಿ ಏನನ್ನು ಬರೆಯುವುದಿಲ್ಲವೆಂಬುದನ್ನು ಬೋರ್ಡಿಂಗನ್ನು ನೋಡಿಕೊಂಡ ನಾವು ಚೆನ್ನಾಗಿ ಬಲ್ಲೆವು. ತಾಯಿಗೆ ಆಗ ಸಂತೋಷವೋ ಸಂಕಟವೋ ಹೇಳಲಾಗದು, ಎರಡೂ ಇರಬಹುದು. ತನ್ನ ಮಗಳಿಗೆ ಇನ್ನೊಬ್ಬಳು ತಾಯಿಯಾಗಿದ್ದಳೆಂಬುದನ್ನು ನುಂಗಿಕೊಂಡು ಆಕೆಯ ಕೈಯನ್ನು ಹಿಡಿಯುವುದು ಸುಲಭವಲ್ಲ. ಆ ಪ್ರಯಾಣದ ಖರ್ಚಿಗೆ ತಕ್ಕ ಗಳಿಗೆಯು ಅದೊಂದೇ ಎಂದು ನನ್ನ ಅಭಿಪ್ರಾಯ.

ಏಕೆಂದರೆ ಇದನ್ನು ಬರಿಯ ವಿಹಾರವಾಗಿ ಮಾಡಿಕೊಳ್ಳುವವರೂ ಇರುತ್ತಾರೆ. ಸಮುದ್ರತೀರದ ಹೋಟೆಲನ್ನು ಮೊದಲೇ ಗೊತ್ತುಮಾಡಿ, ಅವಳ ಊರಿಗೆ ಅರ್ಧ ದಿವಸವನ್ನು ಮಾತ್ರ ಕೊಡುವರು. ಆದರೆ ಮಗಳಿಗೆ ಸೇವೆಯಿಂದ ಬಿಡುಗಡೆಯನ್ನು ಕೊಡತಕ್ಕವರು ಸ್ವಂತ ಊರಿನ ಸಭಾಧ್ಯಕ್ಷರು. ಅಲ್ಲಿಯ ವರೆಗೆ ಎದೆಯ ಮೇಲಿನ ಕಪ್ಪು ಹೆಸರುಪಟ್ಟಿಯೂ ಮಿಶನರಿಯ ನಿಯಮಗಳೂ ಅವಳನ್ನು ಬಿಡವು. ನೀರಿನಲ್ಲಿ ಈಜಕೂಡದೆಂಬುದು ಆ ನಿಯಮಗಳಲ್ಲಿ ಒಂದು. ತಮ್ಮಂದಿರು ತೆರೆಗಳಲ್ಲಿ ಕುಣಿಯುತ್ತಿರಲು ಅಕ್ಕನು ದಡದಲ್ಲಿ ಕುಳಿತು ಅವರ ಬಟ್ಟೆಗಳನ್ನು ಕಾಯಬೇಕು. ಮೊದಲ ದಿವಸಗಳನ್ನು ಮಗಳಿಗೇ ಬಿಟ್ಟು, ಅವಳು ಕರೆದ ಕಡೆಗೆ ಹೋಗುವವರೇ ಜಾಣರು.

ಎಲ್ಲರಿಗೂ ಈ ಭಾಗ್ಯವಿಲ್ಲವೆಂಬುದು ನಿಜ. ಬಡವರು ತಮ್ಮ ಊರಿನ ವಿಮಾನನಿಲ್ದಾಣದಲ್ಲಿಯೇ ಕಾದು ನಿಲ್ಲುವರು. 2020ರ ಮಾರ್ಚ್ ತಿಂಗಳಿನಲ್ಲಿ ಕರೋನಾ ವ್ಯಾಧಿಯು ಹರಡಿದಾಗ ಹಣವುಳ್ಳವರಿಗೂ ಇದು ಸಾಧ್ಯವಾಗಲಿಲ್ಲ. ಫಿಲಿಪ್ಪೀನ್ಸಿನಲ್ಲಿದ್ದ ಪರದೇಶದ ಮಿಶನರಿಗಳನ್ನು ಅವಸರದಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ನೂರಾರು ಮಂದಿ ಒಟ್ಟಿಗೆ ಸಾಲ್ಟ್ ಲೇಕ್ ಪಟ್ಟಣದಲ್ಲಿ ಬಂದಿಳಿದರು. ಎದುರುಗೊಳ್ಳಲು ಅಲ್ಲಿ ಸೇರಿದ ಜನಸಂದಣಿಯನ್ನು ನೋಡಿ ಅಧಿಕಾರಿಗಳಿಗೆ ಭಯವಾಗಿ, ಇನ್ನು ಮೇಲೆ ತಾಯಿತಂದೆಗಳು ಮಾತ್ರ ಬಂದು ಕಾರಿನೊಳಗೇ ಕಾದಿರಬೇಕೆಂದು ಅಪ್ಪಣೆಯಾಯಿತು. ಗಂಜಿ ಕುಡಿಸಿದ ಎಷ್ಟೋ ಮನೆಗಳಿಗೆ ಹೋಗಿ ಬರುತ್ತೇನೆಂದು ಹೇಳಲೂ ಆ ತರುಣ ತರುಣಿಯರಿಗೆ ಹೊತ್ತು ಸಿಕ್ಕಿರಲಾರದು.

ನಾನು ಉಪಾಧ್ಯಾಯಿನಿಯ ತರಬೇತಿಯನ್ನು ಮುಗಿಸಿದ ವರ್ಷ ನಮ್ಮ ತಂದೆಯವರು ನನ್ನನ್ನು ಕರೆದೊಯ್ಯಲು ಹಳ್ಳಿಯಿಂದ ಬಂದರು. ಬಸ್ಸು ತಪ್ಪಿದ್ದರಿಂದ ಮಾತ್ರ ನಮಗೆ ಒಂದು ಮಧ್ಯಾಹ್ನ ದೊರೆಯಿತು. ನಾನು ಪಾಠಹೇಳಿ ಅಭ್ಯಾಸ ಮಾಡುತ್ತಿದ್ದ ಪ್ರಾಥಮಿಕ ಶಾಲೆಗೆ ಅವರನ್ನು ಕರೆದುಕೊಂಡು ಹೋದೆನು. ಅವರು ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತರು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯು ಎದ್ದುನಿಂತು ಪಾಠವನ್ನೋದಿದಳು. ದಾರಿಯಲ್ಲಿ ಅವರು ಹೆಚ್ಚು ಮಾತಾಡಲಿಲ್ಲ; ಊರು ಸೇರಿದ ಮೇಲೆ ನನ್ನನ್ನು ಹೆಸರುಹಿಡಿದು ಕರೆಯದೆ "ಟೀಚರಮ್ಮ" ಎಂದು ನಗುತ್ತಾ ಕರೆದರು.

ಈ ಸಾರಿ ಪರೀಕ್ಷೆಯ ಕಡೇ ದಿವಸದಲ್ಲಿ ಬರುವ ತಾಯಿತಂದೆಗಳಿಗೆ ಬೋರ್ಡಿಂಗಿನಲ್ಲಿಯೇ ಮಧ್ಯಾಹ್ನದ ಊಟವನ್ನು ಸಿದ್ಧಮಾಡಿಸಬೇಕೆಂದು ಮೇಟ್ರನ್ ಅಮ್ಮನವರ ಸಂಗಡ ಮಾತಾಡಿದ್ದೇನೆ. ಊಟವಾದ ಮೇಲೆ ಹುಡುಗಿಯರು ತಮ್ಮವರನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಿ ತೋರಿಸಬಹುದು. ತರಗತಿಗಳ ಬಾಗಿಲುಗಳು ತೆರೆದಿರುವವು. ಬಸ್ಸು ನಾಲ್ಕು ಗಂಟೆಗೂ ಉಂಟು.