ಅಣಬೆಯ ಗುಳಿಗೆ: ಡಬ್ಬಿಯ ಮೇಲಿನ ಮಾತು, ಒಳಗಿನ ವಸ್ತು

ತೆಂಗು ಅಡಕೆ ಬೆಳೆಯುವ ನಮ್ಮ ಕುಟುಂಬಗಳಿಗೆ ಗ್ಯಾನೋಡರ್ಮ ಎಂಬ ಹೆಸರು ಹೊಸದೆನಿಸಿದರೂ ವಸ್ತು ಹೊಸದಲ್ಲ. ಮರದ ಬುಡದಲ್ಲಿ ಮೂಡಿ ತೋಟವನ್ನೇ ಒಣಗಿಸುವ ಅಣಬೆ ರೋಗಕ್ಕೆ ಕಾರಣವಾದುದು ಇದೇ ಕುಲದ ಶಿಲೀಂಧ್ರ. ಇದೇ ಕುಲದ ಅಣಬೆಯನ್ನು ಚೀನೀಯರು ಲಿಂಗ್‌ಝಿ ಎಂದೂ ಜಪಾನೀಯರು ರೀಶಿ ಎಂದೂ ಕರೆದು ಶತಮಾನಗಳಿಂದ ಔಷಧಿಯಾಗಿ ಬಳಸುತ್ತ ಬಂದಿದ್ದಾರೆ. ಈಗ ಅದು ಗುಳಿಗೆಯ ರೂಪದಲ್ಲಿ ಪರಿಚಯಸ್ಥರ ಕೈಯಿಂದ ಮನೆಮನೆಗೂ ಬರುತ್ತಿದೆ.

ಕಳೆದ ತಿಂಗಳು ನಮ್ಮ ಹಿರಿಯ ಬಂಧುಗಳೊಬ್ಬರು ಇಂತಹ ಎರಡು ಡಬ್ಬಿಗಳನ್ನು ನಮ್ಮ ಮುಂದಿಟ್ಟು, “ಇವೆರಡರಲ್ಲಿ ಯಾವುದರ ಗುಣ ಹೆಚ್ಚು, ನೋಡಿ ಹೇಳಿರಿ” ಎಂದರು. ಒಂದರ ಬೆಲೆ ಇನ್ನೊಂದರ ಮೂರರಷ್ಟಿತ್ತು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಟ್ಟು ಇದನ್ನೇ ಸೇವಿಸುವ ಆಲೋಚನೆ ಅವರದಾಗಿತ್ತು.

ಮೊದಲು ನೋಡಬೇಕಾದುದು, ಪುಡಿ ಅಣಬೆಯ ಯಾವ ಭಾಗದ್ದು ಎಂಬುದನ್ನು. ಹೊರಗೆ ಕಾಣುವ ಕೊಡೆಯ ಭಾಗ ಒಂದು. ಒಳಗೆ ಹರಡುವ ಬಿಳಿಯ ನೂಲಿನಂತಹ ಎಳೆಗಳು ಇನ್ನೊಂದು. ಎಳೆಗಳನ್ನು ಅನೇಕ ಕಡೆ ಅಕ್ಕಿ ಮುಂತಾದ ಕಾಳಿನ ಮೇಲೆ ಬೆಳೆಸಿ, ಕಾಳಿನ ಸಮೇತ ಅರೆದುಬಿಡುತ್ತಾರೆ. ಆಗ ಕೊಂಡವರಿಗೆ ದೊರೆಯುವುದರಲ್ಲಿ ಹಿಟ್ಟಿನ ಪಾಲೂ ಸೇರಿರುತ್ತದೆ. ಡಬ್ಬಿಯ ಮೇಲೆ “ಪಾಲಿಸ್ಯಾಕರೈಡ್ ಇಷ್ಟು ಶೇಕಡಾ” ಎಂದಿದ್ದರೆ ಹಿಗ್ಗಬೇಕಾಗಿಲ್ಲ. ಅಕ್ಕಿಯ ಪಿಷ್ಟವೂ ಪಾಲಿಸ್ಯಾಕರೈಡೇ. ಬೀಟಾ ಗ್ಲೂಕಾನ್ ಎಷ್ಟೆಂದು ಪ್ರತ್ಯೇಕವಾಗಿ ಬರೆದಿದ್ದರೆ ಅದಕ್ಕೆ ಅರ್ಥವುಂಟು. “ಹತ್ತು ಪಾಲಿನಿಂದ ಒಂದು ಪಾಲು ಸಾರ” ಎಂಬ ಬರಹವೂ ಎಷ್ಟು ಕಚ್ಚಾವಸ್ತು ಬಳಸಿದರೆಂದು ಹೇಳುತ್ತದೆಯೇ ಹೊರತು, ಸತ್ತ್ವ ಎಷ್ಟು ಉಳಿಯಿತೆಂದು ಹೇಳದು. ಇನ್ನು ರುಚಿ: ರೀಶಿಯ ಟ್ರೈಟರ್ಪೀನ್‌ಗಳು ಬಲು ಕಹಿ. ಕಹಿಯೇ ಇಲ್ಲದ ರೀಶಿ ಪುಡಿಯನ್ನು ಸಂದೇಹದಿಂದಲೇ ನೋಡಬೇಕು.

ಶಾಲೆಯಲ್ಲಿ ಕಲಿತ ಒಂದು ಪರೀಕ್ಷೆಯನ್ನು ಅಲ್ಲಿಯೇ ಮಾಡಿದೆವು. ಎರಡೂ ಪುಡಿಗಳನ್ನು ಬೇರೆ ಬೇರೆ ಲೋಟಗಳ ನೀರಿನಲ್ಲಿ ಕುದಿಸಿ, ಆರಿಸಿ, ಟಿಂಚರ್ ಅಯೋಡಿನ್ ಹನಿಸಿದೆವು. ಅಗ್ಗದ್ದು ಕಂದುಬಣ್ಣದಲ್ಲೇ ಉಳಿಯಿತು. ದುಬಾರಿಯದು ಕಡುನೀಲಿಗೆ ತಿರುಗಿತು. ಪಿಷ್ಟವಿದೆಯೆಂಬುದಕ್ಕೆ ಅದು ಗುರುತು. ಕಾಳಿನದೋ, ತಯಾರಕರು ಬೆರೆಸಿದ್ದೋ ಎಂಬುದನ್ನು ಈ ಪರೀಕ್ಷೆ ತಿಳಿಸದು. ಅಗ್ಗದ್ದು ಉತ್ತಮವೆಂದೂ ಇದರಿಂದ ಸಿದ್ಧವಾಗದು. (ಪರೀಕ್ಷಿಸಿದ ನೀರನ್ನು ಚೆಲ್ಲಬೇಕು, ಕುಡಿಯಬಾರದು.)

ಇದು ನಮ್ಮ ಊರಿನ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ 19 ರೀಶಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಲೇಬಲ್ಲಿಗೆ ಹೊಂದಿಕೆಯಾದವು 5 ಮಾತ್ರ.

ಪುಡಿ ಶುದ್ಧವಾಗಿದ್ದರೂ ಸಕ್ಕರೆ ಕಾಯಿಲೆಗೆ ಅದು ಮದ್ದೇ? ಮಧುಮೇಹಿಗಳ ಹೃದಯಕ್ಕೆ ಅಪಾಯ ತರುವ ಅಂಶಗಳ ಮೇಲೆ ಈ ಅಣಬೆಯ ಪರಿಣಾಮವನ್ನು 5 ಪ್ರಯೋಗಗಳ, 398 ಜನರ ಆಧಾರದಿಂದ ಪರಿಶೀಲಿಸಿದ 2015ರ ಕಾಕ್ರೇನ್ ವಿಮರ್ಶೆ, ಬಳಕೆಯನ್ನು ಸಮರ್ಥಿಸುವ ಆಧಾರ ಕಾಣಲಿಲ್ಲವೆಂದಿತು. ನಮ್ಮ ದೇಶದಲ್ಲಿಯೂ ಆಹಾರಪೂರಕವೆಂದು ಮಾರುವ ಡಬ್ಬಿಯ ಮೇಲೆ ಔಷಧಿಯಾಗಿ ಬಳಸುವುದಕ್ಕಲ್ಲ ಎಂದು ಮುದ್ರಿಸಲೇಬೇಕು. ಬಂಧುಗಳ ಡಬ್ಬಿಯಲ್ಲಿ ಆ ಸಾಲು ಇದ್ದಿತು, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣದಾಗಿ. ರಕ್ತ ತೆಳುವಾಗುವ ಮಾತ್ರೆ ಸೇವಿಸುವವರಂತೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಲಾಗದು.

ಇನ್ನೊಂದು ಸಂಗತಿ ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಗುಳಿಗೆಯ ಹೊರಕವಚ ಅನೇಕ ವೇಳೆ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಜೆಲಟಿನ್‌ನದಾಗಿರುತ್ತದೆ. ಡಬ್ಬಿಯ ಮೇಲೆ ಹಸಿರು ಗುರುತಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ದುಬಾರಿ ಡಬ್ಬಿಯಲ್ಲಿ ಅದು ಇರಲಿಲ್ಲ. ಎರಡು ತಿಂಗಳಿನಿಂದ ಅದನ್ನೇ ಸೇವಿಸುತ್ತಿದ್ದ ನಮ್ಮ ಬಂಧುಗಳು ಆ ಮಾತಿಗೆ ಬಹಳ ಹೊತ್ತು ಸುಮ್ಮನಾದರು. ಸಕ್ಕರೆಯ ಮಾತ್ರೆಯನ್ನು ಅವರು ಬಿಟ್ಟಿಲ್ಲ.