ಬೆಂಗಳೂರು–ಮಂಗಳೂರು: ಹಾರೋದು ಒಂದು ಗಂಟೆ, ಮನೆ ತಲುಪೋದು?

ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ಹೊತ್ತು ಅಂತ ಮೊಬೈಲ್‌ನಲ್ಲಿ ಹುಡುಕಿ ನೋಡಿ. ವಿಮಾನದಲ್ಲಿ ಸುಮಾರು ಒಂದು ಗಂಟೆ, ರಸ್ತೆಯಲ್ಲಿ ಏಳೆಂಟು ಗಂಟೆ ಅಂತ ಬರುತ್ತೆ. ‘ಅಪ್ಪಂಗೆ ಹುಷಾರಿಲ್ಲ, ಬೇಗ ಬಾ’ ಅಂತ ಊರಿಂದ ಫೋನ್ ಬಂದರೆ ಯಾರಾದರೂ ಮೊದಲು ನೋಡೋದು ವಿಮಾನದ ಟಿಕೆಟ್ಟನ್ನೇ. ಆದರೆ ಬೇಗ ತಲುಪಿಸೋದು ಯಾವಾಗಲೂ ವಿಮಾನವೇ ಅಲ್ಲ.

ಒಂದು ಗಂಟೆ ಯಾಕೆ?

ಎರಡೂ ವಿಮಾನ ನಿಲ್ದಾಣಗಳ ನಡುವೆ ನೇರ ಅಂತರ ಸುಮಾರು 300 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರುವ ಜೆಟ್‌ಗೆ ಇದು ಅರ್ಧ ಗಂಟೆಯ ದಾರಿಯೂ ಅಲ್ಲ. ಆದರೆ ಟಿಕೆಟ್‌ನಲ್ಲಿರೋ ಸಮಯ ಬರೀ ಹಾರಾಟದ್ದಲ್ಲ. ಇಲ್ಲಿ ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಅಲ್ಲಿ ಹೋಗಿ ನಿಲ್ಲೋವರೆಗಿನ ಲೆಕ್ಕ ಅದು. ರನ್‌ವೇಗೆ ಸಾಗೋದು, ಸರದಿ ಕಾಯೋದು, ಮೇಲೇರೋದು, ಇಳಿಯೋದು ಎಲ್ಲ ಅದರಲ್ಲೇ ಸೇರಿದೆ. ಇಷ್ಟು ಹತ್ತಿರದ ದಾರಿಯಲ್ಲಿ ಪೂರ್ತಿ ವೇಗದಲ್ಲಿ ಹಾರೋಕೆ ಸಿಗೋದು ಸ್ವಲ್ಪವೇ ಹೊತ್ತು.

ಮನೆ ಬಾಗಿಲಿಂದ ಲೆಕ್ಕ ಹಾಕಿ

ಜಯನಗರದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 40 ಕಿ.ಮೀ. ಟ್ರಾಫಿಕ್ ಕಡಿಮೆಯಿದ್ದರೂ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಚೆಕ್-ಇನ್, ಭದ್ರತಾ ತಪಾಸಣೆಗೆ ಇನ್ನೊಂದೂವರೆ ಗಂಟೆ. ಪ್ರಯಾಣ ಒಂದು ಗಂಟೆ. ಬ್ಯಾಗ್ ತಗೊಂಡು ಹೊರಬರೋಕೆ ಅರ್ಧ ಗಂಟೆ. ಬಜ್ಪೆಯಿಂದ ಮಂಗಳೂರು ಪೇಟೆಗೆ ಮುಕ್ಕಾಲು ಗಂಟೆ. ಕೂಡಿದರೆ ಐದು ಗಂಟೆ ದಾಟಿತು.

ನಿಮ್ಮೂರು ಪುತ್ತೂರೋ ಉಪ್ಪಿನಂಗಡಿಯೋ ಆದರೆ ಲೆಕ್ಕ ಇನ್ನೂ ಬದಲಾಗುತ್ತೆ. ವಿಮಾನದಲ್ಲಿ ಹೋದರೆ ಊರು ದಾಟಿ ಮಂಗಳೂರಿಗೆ ಹೋಗಿ, ಅಲ್ಲಿಂದ ಮತ್ತೆ ಒಂದೂವರೆ ಗಂಟೆ ವಾಪಸ್ ಬರಬೇಕು. ಶಿರಾಡಿ ಘಾಟಿ ಇಳಿದು ಬರೋ ಬಸ್ಸಿಗೆ ಉಪ್ಪಿನಂಗಡಿ ದಾರಿಯಲ್ಲೇ ಸಿಗುತ್ತೆ.

ಗಡಿಯಾರ ನೋಡಿ ನಿರ್ಧರಿಸಿ

ಫೋನ್ ಬೆಳಗ್ಗೆ ಬಂದರೆ ವಿಮಾನವೇ ಸರಿ. ಮಧ್ಯಾಹ್ನದ ಹೊತ್ತಿಗೆ ಅಪ್ಪನ ಪಕ್ಕದಲ್ಲಿರ್ತೀರಿ. ರಾತ್ರಿ ಎಂಟೂವರೆಗೆ ಬಂದರೆ? ಮರುದಿನ ಬೆಳಗಿನ ಮೊದಲ ವಿಮಾನ ಹತ್ತಿದರೂ ಮನೆ ಸೇರೋದು ಒಂಬತ್ತರ ಸುಮಾರಿಗೆ. ಹತ್ತು ಗಂಟೆಯ ಸ್ಲೀಪರ್ ಬಸ್ ಬೆಳಗ್ಗೆ ಆರಕ್ಕೆಲ್ಲ ಇಳಿಸುತ್ತೆ. ಇಲ್ಲಿ ಎಂಟು ಗಂಟೆಯ ಬಸ್ಸೇ ಗೆಲ್ಲೋದು.

ರೈಲು ನಿಧಾನ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, ಅಲ್ಲಿ ವೇಗಕ್ಕೆ ಮಿತಿ ಇದೆ. ಆದರೆ ಕಾಲು ಚಾಚಿ ಮಲಗಬಹುದು, ಖರ್ಚೂ ಕಡಿಮೆ. ಅವಸರ ಇಲ್ಲದಾಗ ಇದಕ್ಕಿಂತ ಸುಖ ಬೇರಿಲ್ಲ.

ಮಳೆಗಾಲದಲ್ಲಿ ಎಲ್ಲ ಲೆಕ್ಕವೂ ತಲೆಕೆಳಗು

2024ರ ಜುಲೈನಲ್ಲಿ ಗುಡ್ಡ ಕುಸಿದು ಶಿರಾಡಿ ರಸ್ತೆಯೂ ರೈಲು ಹಳಿಯೂ ಬಂದ್ ಆಗಿದ್ದವು. ಮಂಗಳೂರಿನ ರನ್‌ವೇ ಇರೋದು ಗುಡ್ಡದ ನೆತ್ತಿಯಲ್ಲಿ. ಮೋಡ ಮುಸುಕಿ ದಾರಿ ಕಾಣದಿದ್ದರೆ ವಿಮಾನ ಬೇರೆ ಊರಿಗೆ ತಿರುಗುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಿಕೆಟ್ ಬುಕ್ ಮಾಡೋ ಮುಂಚೆ ‘ಘಾಟಿ ತೆರೆದಿದೆಯಾ, ಮಳೆ ಹೇಗಿದೆ’ ಅಂತ ಊರಿಗೊಂದು ಫೋನ್ ಮಾಡಿ. ಆ ಎರಡು ನಿಮಿಷ ನಿಮ್ಮ ಅರ್ಧ ದಿನ ಉಳಿಸಬಹುದು.