ಅಡಿಕೆ ಮರ ಹತ್ತುವವರ ಪ್ರಾಣರಕ್ಷಣೆ

ಕಳೆದ ಆಟಿ ತಿಂಗಳಲ್ಲಿ ನಮ್ಮ ನೆರೆಯ ತೋಟವೊಂದರಲ್ಲಿ ಎರಡನೆಯ ಸಲದ ಮದ್ದು ಬಿಡುತ್ತಿದ್ದಾಗ, ಮರ ಹತ್ತಿದವರೊಬ್ಬರು ಸುಮಾರು ನಲವತ್ತು ಅಡಿ ಎತ್ತರದಿಂದ ಬಿದ್ದರು. ಮೂರನೆಯ ದಿನ ತೀರಿಕೊಂಡರು. ಇಪ್ಪತ್ತೈದು ವರ್ಷ ಅಡಿಕೆ ಮರದ ಮೇಲೆಯೇ ಪಳಗಿದ ಕೈಕಾಲು ಅವರದು. ಹೊಸಬರಿಗೆ ತಳೆ ಕಟ್ಟಲು ಕಲಿಸಿಕೊಟ್ಟವರು ಅವರೇ.

ಸುದ್ದಿ ಕೇಳಿದವರೆಲ್ಲರ ಬಾಯಿಂದ ಬಂದುದು ಒಂದೇ ಮಾತು: ಹಣೆಯಲ್ಲಿ ಬರೆದದ್ದು. ಉತ್ತರಕ್ರಿಯೆ ಮುಗಿಯುವ ತನಕ ನಮ್ಮ ಎರಡು ಊರುಗಳಲ್ಲಿ ಮರ ಹತ್ತುವವರಾರೂ ತಳೆ ಮುಟ್ಟಲಿಲ್ಲ. ಅತ್ತ ಮಳೆ ಬಿಡದು, ತೋಟಗಳಲ್ಲಿ ಕೊಳೆರೋಗ ಏರುತ್ತಿತ್ತು; ತೋಟದವರಿಗೆ ತಳಮಳ. ಕೊನೆಗೆ ಒಂದು ಸಂಜೆ ಅವರೆಲ್ಲ ಶಾಲೆಯ ಜಗಲಿಗೆ ಬಂದು ಕುಳಿತರು. ಅವರಲ್ಲಿ ಹಿರಿಯರಾದವರು, "ಮಾಸ್ಟ್ರೇ, ನಾಳೆಯಿಂದ ನಾವು ಹತ್ತಲೇಬೇಕು. ಇಲ್ಲದಿದ್ದರೆ ಒಲೆ ಉರಿಯುವುದಿಲ್ಲ. ಆದರೆ ಅವನು ಬಿದ್ದದ್ದು ಹೇಗೆ ಎಂದು ತಿಳಿಯದೆ ಹತ್ತಲು ಕಾಲು ಏಳುವುದಿಲ್ಲ" ಎಂದರು. ಅಂದು ರಾತ್ರಿ ಹತ್ತು ಗಂಟೆಯ ತನಕ ನಡೆದ ಮಾತುಕತೆಯ ಸಾರವನ್ನು ಇತರ ತೋಟದವರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಇಂತಹ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ ಕೇಳಿಕೊಂಡವರು ಪರ್ವತ ಹತ್ತುವವರು. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಮ್ಯಾಟರ್‌ಹಾರ್ನ್ ಎಂಬ ಶಿಖರವಿದೆ. ಎತ್ತರ 4,478 ಮೀಟರ್. 1865ನೆಯ ಜುಲೈ 14ರಂದು ಎಡ್ವರ್ಡ್ ವಿಂಪರ್ ಎಂಬ ಆಂಗ್ಲನೂ ಅವನ ಜೊತೆಯವರೂ, ಒಟ್ಟು ಏಳು ಮಂದಿ, ಮೊತ್ತಮೊದಲು ಆ ಶಿಖರವನ್ನು ಮುಟ್ಟಿದರು. ಇಳಿಯುವಾಗ ಏಳು ಮಂದಿಯೂ ಒಂದೇ ಹಗ್ಗದಲ್ಲಿ ಕಟ್ಟಿಕೊಂಡಿದ್ದರು. ಹೆಚ್ಚು ಅನುಭವವಿಲ್ಲದ ಹ್ಯಾಡೋ ಎಂಬ ತರುಣ ಜಾರಿ, ಮುಂದಿದ್ದ ದಾರಿತೋರುಗ ಕ್ರೋನ ಮೇಲೆ ಬಿದ್ದ. ಆ ಎಳೆತಕ್ಕೆ ಮತ್ತಿಬ್ಬರು ಸೆಳೆದುಹೋದರು. ನಾಲ್ಕನೆಯವನಿಗೂ ಐದನೆಯವನಿಗೂ ನಡುವೆ ಹಗ್ಗ ತುಂಡಾಯಿತು. ನಾಲ್ವರು ಸತ್ತರು, ಮೂವರು ಉಳಿದರು. ಉಳಿದ ದಾರಿತೋರುಗನೇ ಹಗ್ಗ ಕೊಯ್ದನೆಂದು ಜನ ಆಡಿಕೊಂಡರು. ವಿಚಾರಣೆಯಲ್ಲಿ ಅವನು ನಿರ್ದೋಷಿಯೆಂದಾಯಿತು. ಆದರೆ ಇನ್ನೊಂದು ವಿಷಯ ಹೊರಬಿತ್ತು. ತುಂಡಾದದ್ದು ಅವರ ಬಳಿಯಿದ್ದ ಹಗ್ಗಗಳಲ್ಲಿ ಎಲ್ಲಕ್ಕಿಂತ ಬಡಕಲಾದುದು. ಅದಕ್ಕಿಂತ ಗಟ್ಟಿಯಾದ ಹಗ್ಗ ಅವರ ಜೊತೆಯಲ್ಲೇ ಇತ್ತು! ಆ ತುಂಡು ಹಗ್ಗವನ್ನು ಸ್ವಿಜರ್ಲೆಂಡಿನ ಜರ್ಮಾಟ್ ಊರಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇಟ್ಟಿದ್ದಾರೆ.

ಪರ್ವತ ಹತ್ತುವವರು ಆ ಸಾವುಗಳಿಗೆ ಅತ್ತು ಸುಮ್ಮನಾಗಲಿಲ್ಲ. ಯಾವ ಹಗ್ಗ, ಯಾವ ಗಂಟು, ಯಾರ ಹಿಂದೆ ಯಾರು ಎಂದು ಒಂದೊಂದನ್ನೂ ಕೆದಕಿ ನೋಡಿದರು. ಅಮೆರಿಕದ ಪರ್ವತಾರೋಹಿಗಳ ಸಂಘವಂತೂ 1948ರಿಂದ ಅಪಘಾತಗಳ ವರದಿಯನ್ನೇ ಪುಸ್ತಕವಾಗಿ ವರ್ಷಂಪ್ರತಿ ಪ್ರಕಟಿಸುತ್ತ ಬಂದಿದೆ. ಬಿದ್ದವನನ್ನು ಹಳಿಯುವುದಕ್ಕಲ್ಲ, ಮುಂದಿನವನು ಬೀಳದಿರಲಿ ಎಂದು.

ನಾವೂ ಹಾಗೆಯೇ ಕೆದಕಿದೆವು. ಜಗಲಿಯಲ್ಲಿ ಕುಳಿತವರ ಬಾಯಿಂದ ಒಂದೊಂದೇ ಸಂಗತಿ ಹೊರಬಂತು. ಹಿಂದಿನ ರಾತ್ರಿಯಿಡೀ ಮಳೆ ಸುರಿದಿತ್ತು. ಬೆಳಿಗ್ಗೆ ಒಂದು ಗಳಿಗೆ ಬಿಸಿಲು ಬಿದ್ದೊಡನೆ ಕೆಲಸಕ್ಕೆ ಇಳಿದಿದ್ದರು. ಬಿದ್ದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು, ಊಟವಾಗಿರಲಿಲ್ಲ. ಸಂಬಳ ಮರಕ್ಕಿಷ್ಟು ಎಂದು. ಒಂದು ಮರದ ತಲೆಯಿಂದ ಪಕ್ಕದ ಮರಕ್ಕೆ ದಾಟುವಾಗ ಕೈ ಜಾರಿತು. ಸೊಂಟಕ್ಕೆ ಕಟ್ಟುವ ಹಗ್ಗವೋ? ಅದು ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿತ್ತು. ಮ್ಯಾಟರ್‌ಹಾರ್ನಿನ ಗಟ್ಟಿ ಹಗ್ಗದ ಕತೆಯೇ.

ಇವುಗಳಲ್ಲಿ ಮೊದಲನೆಯದನ್ನು ತೆಗೆದುಕೊಳ್ಳೋಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು, ಎಂದರೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು ಮತ್ತು ಒಂದು ಕಿಲೋ ಸುಣ್ಣ ಸೇರಿಸಿದ ಮದ್ದನ್ನು, ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ 40ರಿಂದ 45 ದಿನ ಬಿಟ್ಟು ಇನ್ನೊಮ್ಮೆ ಬಿಡಬೇಕು. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದರೆ ಎರಡನೆಯ ಸರದಿ ನೇರವಾಗಿ ಆಟಿಯ ನಡುಮಳೆಗೇ ಬಂದು ಬೀಳುತ್ತದೆ. ಅಷ್ಟರೊಳಗೆ ಮರದ ಮೈ ಪಾಚಿ ಹಿಡಿದು ಸಾಬೂನಿನಂತಾಗಿರುತ್ತದೆ. ಆದುದರಿಂದ ಈ ಕೆಲಸದ ಅಪಾಯ ಆಕಸ್ಮಿಕವಲ್ಲ, ಪಂಚಾಂಗದಲ್ಲೇ ಇದೆ. ಮೊದಲನೆಯ ಮದ್ದನ್ನು ಮರ ಒಣಗಿರುವಾಗಲೇ ತಪ್ಪದೆ ಬಿಡುವುದು, ಎರಡನೆಯದಕ್ಕೆ ಆದಷ್ಟು ನೆಲದಿಂದಲೇ ಸಿಂಪಡಿಸುವುದು, ಇದೇ ದಾರಿ. ನೆಲದಲ್ಲಿ ನಿಂತು ಮದ್ದು ಬಿಡಲಿಕ್ಕೂ ಗೊನೆ ಕೊಯ್ಯಲಿಕ್ಕೂ ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಈಗ ನಮ್ಮ ಕಡೆಯೂ ಬಂದಿವೆ. ಬೆಲೆ ಹೆಚ್ಚು, ನಾಲ್ಕು ಮನೆಯವರು ಕೂಡಿ ಒಂದು ಕೊಳ್ಳಬಹುದು. ಒಂದು ಎಚ್ಚರಿಕೆ: ಕಬ್ಬಿಣ, ಅಲ್ಯುಮಿನಿಯಂಗಳಂತೆ ಕಾರ್ಬನ್ ಫೈಬರಿನಲ್ಲಿಯೂ ವಿದ್ಯುತ್ತು ಹರಿಯುತ್ತದೆ. ತಂತಿ ಹಾದುಹೋಗುವ ಕಡೆ ದೋಟಿ ಎತ್ತಲೇಬಾರದು. ಮರದಿಂದ ಬೀಳುವುದನ್ನು ತಪ್ಪಿಸಲು ಹೋಗಿ ತಂತಿಗೆ ಸಿಕ್ಕಿ ಸಾಯುವುದು ಯಾವ ಲಾಭ?

ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು 2019ರಲ್ಲಿ ಮರ ಹತ್ತುವ ಯಂತ್ರವನ್ನೇ ಮಾಡಿ ತೋರಿಸಿದ್ದನ್ನು ಅನೇಕರು ನೋಡಿರಬಹುದು. ಒದ್ದೆ ಮರಕ್ಕೆ ಯಂತ್ರವಾದರೂ ಜಾಗ್ರತೆ ಬೇಕೇಬೇಕು.

ಆದರೂ ಮರ ಹತ್ತುವುದು ಪೂರ್ತಿ ನಿಲ್ಲುವ ಕಾಲ ಇನ್ನೂ ಬಂದಿಲ್ಲವಷ್ಟೆ. ನಲವತ್ತು ಅಡಿಯೆಂದರೆ ಹನ್ನೆರಡು ಮೀಟರು. ಅಷ್ಟರಿಂದ ಬಿದ್ದವನು ಒಂದೂವರೆ ಸೆಕೆಂಡಿನಲ್ಲಿ, ಗಂಟೆಗೆ 55 ಕಿಲೋಮೀಟರು ಓಡುವ ಬಸ್ಸಿನ ವೇಗದಲ್ಲಿ ನೆಲ ಮುಟ್ಟುತ್ತಾನೆ. ಏನಾದರೂ ಹಿಡಿದುಕೊಂಡೇನು ಎಂಬುದಕ್ಕೆ ಸಮಯವೇ ಇಲ್ಲ. ಹಿಡಿಯುವುದು ಹಗ್ಗ ಮಾತ್ರ. ಅದನ್ನು ಮರಕ್ಕೆ ಒಂದೇ ಸುತ್ತು ಹಾಕಿದರೆ ಪ್ರಯೋಜನ ಸಾಲದು. ಅಡಿಕೆ ಮರಕ್ಕೆ ಕೊಂಬೆಯಿಲ್ಲ, ಹಗ್ಗವೂ ಮನುಷ್ಯನೊಂದಿಗೆ ಜಾರಿ ಬರುತ್ತದೆ. ಎಳೆದರೆ ಬಿಗಿಯುವಂತೆ ಎರಡು ಸುತ್ತು ಹಾಕಬೇಕು, ಸಡಿಲು ಬಿಡಬಾರದು. ತೆಂಗಿನ ನಾರಿನ ಹಗ್ಗಕ್ಕಿಂತ ನೈಲಾನ್ ಹಗ್ಗ ಲೇಸು. ಅದು ಸ್ವಲ್ಪ ಹಿಗ್ಗಿ ಬಿದ್ದ ರಭಸವನ್ನು ನುಂಗುತ್ತದೆ. ಸೊಂಟಕ್ಕೆ ಮಾತ್ರ ಕಟ್ಟಿಕೊಂಡು ನೇತಾಡುವವನಿಗೆ ಉಸಿರು ಕಟ್ಟುತ್ತದೆ, ಬೆನ್ನಿಗೂ ಪೆಟ್ಟು. ತೊಡೆ, ಭುಜಗಳಿಗೂ ಹಾದುಬರುವ ಪಟ್ಟಿಗಳ ಕಟ್ಟು ಅಂಗಡಿಗಳಲ್ಲಿ ಸಿಗುತ್ತದೆ, ಅದೇ ಉತ್ತಮ. ಅದರ ಕಬ್ಬಿಣದ ಕೊಂಡಿಯನ್ನು ಕೆಲಸ ಮುಗಿದೊಡನೆ ತೊಳೆಯಬೇಕು. ಮೈಲುತುತ್ತಿನ ನೀರಿನಲ್ಲಿ ಮೊಳೆ ಅದ್ದಿಟ್ಟರೆ ಅದು ಹೇಗೆ ಸವೆಯುತ್ತದೆಂದು ಶಾಲೆಯ ಮಕ್ಕಳಿಗೆ ನಾನು ವರ್ಷವೂ ತೋರಿಸುತ್ತೇನೆ. ಅದನ್ನು ಅವರ ತಂದೆಯರಿಗೆ ಹೇಳಬೇಕೆಂದು ಈ ತನಕ ಹೊಳೆಯಲಿಲ್ಲ.

ಮರದಿಂದ ಮರಕ್ಕೆ ದಾಟುವಾಗ ಹಗ್ಗ ಬಿಚ್ಚಲೇಬೇಕು. ಹಾಗಾದರೆ ದಾಟುವುದನ್ನೇ ಬಿಡಬೇಕು, ಪ್ರತಿ ಮರವನ್ನೂ ಇಳಿದು ಹತ್ತಬೇಕು. ಇಲ್ಲಿಯೇ ಮಾತು ಬಿಸಿಯಾಯಿತು. "ಹಾಗೆ ಮಾಡಿದರೆ ದಿನಕ್ಕೆ ಅರ್ಧ ಮರವೂ ಆಗಲಿಕ್ಕಿಲ್ಲ, ಮಾಸ್ಟ್ರೇ" ಎಂದ ಒಬ್ಬ ತರುಣ. ಅವನ ಮಾತು ನಿಜ. ಮರಕ್ಕಿಷ್ಟು ಎಂದು ಲೆಕ್ಕ ಹಾಕುವ ತನಕ ಹಗ್ಗ ಗೂಟದಲ್ಲೇ ಇರುತ್ತದೆ. ಮದ್ದಿನ ದಿನಗಳಿಗಾದರೂ ದಿನಗೂಲಿ ಕೊಡುವುದು ತೋಟದವರ ಕರ್ತವ್ಯ. ನಾನೂ ತೋಟದವನೇ, ಖರ್ಚು ಏರುತ್ತದೆಂದು ಬಲ್ಲೆ.

ಮರವನ್ನೂ ನೋಡಬೇಕು. ಅಣಬೆ ರೋಗ ಹಿಡಿದ ಮರದ ಬುಡ ಒಳಗೇ ಟೊಳ್ಳಾಗಿರುತ್ತದೆ. ನೈರುತ್ಯದ ಬಿಸಿಲು ಹೊಡೆದು ಸೀಳಿದ ಕಾಂಡ ಗಾಳಿಗೇ ಮುರಿಯುವುದುಂಟು, ಮನುಷ್ಯನ ಭಾರಕ್ಕೆ ಕೇಳಬೇಕೆ? ಬೇಸಗೆಯಲ್ಲಿ ತೋಟ ಸುತ್ತಿ ಅಂತಹ ಮರಗಳಿಗೆ ಸುಣ್ಣದ ಪಟ್ಟೆ ಎಳೆದಿಡಿ. ಪಟ್ಟೆಯಿದ್ದ ಮರವನ್ನು ಯಾರೂ ಹತ್ತಬಾರದು.

ಇನ್ನು ಬರೆಯಲು ಕಷ್ಟವಾದ ಭಾಗ. ಬಿದ್ದವರನ್ನು ಎತ್ತಿದವರಲ್ಲಿ ನಾನೂ ಒಬ್ಬ. ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ನೀರು ಕುಡಿಸಿ, ರಿಕ್ಷಾದಲ್ಲಿ ಕುಳ್ಳಿರಿಸಿದೆವು. ಬೆನ್ನುಮೂಳೆ ಮುರಿದವರನ್ನು ಹಾಗೆ ಬಗ್ಗಿಸಿದರೆ ಒಳಗಿನ ನರದ ಹುರಿ ಇನ್ನಷ್ಟು ಹಾಳಾಗುತ್ತದೆಂದು ವೈದ್ಯರು ಹೇಳಿದಾಗ ತಲೆ ತಗ್ಗಿಸಿ ನಿಂತೆ. ಬಿದ್ದವರನ್ನು ಎಬ್ಬಿಸಬಾರದು, ಕುಳ್ಳಿರಿಸಬಾರದು, ಬಾಯಿಗೆ ಏನನ್ನೂ ಹಾಕಬಾರದು. ಒಬ್ಬರು ತಲೆಯನ್ನು ಅಲುಗದಂತೆ ಎರಡು ಕೈಗಳಲ್ಲಿ ಹಿಡಿದಿರಬೇಕು. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಬೇಕು. 108ಕ್ಕೆ ಕರೆಮಾಡಿ ಕಾಯಬೇಕು. ಕಾಯಲಾಗದ ಸ್ಥಳವಾದರೆ ಮೂರು-ನಾಲ್ಕು ಮಂದಿ ಮರದ ದಿಮ್ಮಿ ಉರುಳಿಸುವಂತೆ ಮೈಯನ್ನು ಒಟ್ಟಿಗೆ ಹೊರಳಿಸಿ, ಅಡಿಗೆ ಹಲಗೆ ಸರಿಸಿ, ಕಟ್ಟಿ, ಮಲಗಿಸಿಕೊಂಡೇ ಒಯ್ಯಬೇಕು. ನಮಗೆ ದೊಡ್ಡ ಆಸ್ಪತ್ರೆಯೆಂದರೆ ಗಡಿಯಾಚೆಯ ಮಂಗಳೂರು. 2020ರಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ನಮ್ಮವರು ಪಟ್ಟ ಪಾಡು ಮರೆಯುವಂತಹದಲ್ಲ. ದಾರಿ ದೂರವಾದಷ್ಟೂ ತೋಟದಲ್ಲಿ ಮೊದಲು ಮುಟ್ಟುವ ಕೈಗಳಿಗೆ ತಿಳಿವಳಿಕೆ ಬೇಕು. ಒಂದು ಬಾಗಿಲ ಹಲಗೆಯೂ ನಾಲ್ಕು ಪಟ್ಟಿಗಳೂ ಈಗ ನಮ್ಮ ಶಾಲೆಯ ಜಗಲಿಯಲ್ಲಿವೆ.

ತೀರಿಕೊಂಡವರ ಮನೆಗೆ ಊರ ತೋಟದವರು ಮರದ ಲೆಕ್ಕದಲ್ಲಿ ಹಣ ಕೂಡಿಸಿ ಕೊಟ್ಟರು. ದೊಡ್ಡ ಮಗ ಎಂಟನೆಯ ತರಗತಿಯಲ್ಲಿದ್ದಾನೆ. ತಾನೂ ಮರ ಹತ್ತುತ್ತೇನೆಂದು ಶಾಲೆ ಬಿಡಲು ಹೊರಟಿದ್ದವನನ್ನು ಅವನ ಅಪ್ಪನ ಜೊತೆಗಾರರೇ ಗದರಿಸಿ ತರಗತಿಗೆ ಕಳುಹಿಸಿದರು. ಆದರೆ ಊರವರ ವಂತಿಗೆ ಎಷ್ಟು ದಿನ? ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಎಂಬ ವಿಮೆಯಿದೆ. ನಮ್ಮಲ್ಲಿ ಹೆಚ್ಚಿನವರು ತೆಂಗು, ಅಡಿಕೆ ಎರಡನ್ನೂ ಹತ್ತುವವರು. ಕೃಷಿ ಭವನದಲ್ಲಿ ವಿಚಾರಿಸಬೇಕು. ಅರ್ಜಿಯ ಮಲಯಾಳ ಓದಲು ಬಾರದಿದ್ದರೆ ಹತ್ತಿರದ ಶಾಲೆಗೆ ಹೋಗಿ. ಓದಿ ಹೇಳುವುದೂ ಮಾಸ್ತರರ ಕೆಲಸವೇ.

ಶಾಲೆಯ ಕಪಾಟಿನಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಯಾರಾದರೂ ಜಾರಿದರೆ, ಬೀಳದೆ ಉಳಿದರೂ ಸಹ, ದಿನ, ಹೊತ್ತು, ಮರದ ಸ್ಥಿತಿ, ಹಗ್ಗ ಇತ್ತೋ ಇಲ್ಲವೋ ಎಂದು ಅದರಲ್ಲಿ ಬರೆಸುತ್ತಾರೆ. ಹೆಸರು ಬರೆಯುವುದಿಲ್ಲ. ಈ ತನಕ ಐದು ಬರಹಗಳಾಗಿವೆ. ಅವುಗಳಲ್ಲಿ ಮೂರು ಊಟಕ್ಕೆ ಮುಂಚಿನ ಹೊತ್ತಿನವು.

ಮುಂದಿನ ಮೊದಲ ಮದ್ದಿಗೆ ಮುನ್ನ, ಮೇ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ, ಹಗ್ಗ ಕಟ್ಟುವ ಕ್ರಮವನ್ನೂ ಹಲಗೆಯಲ್ಲಿ ಒಯ್ಯುವ ಕ್ರಮವನ್ನೂ ಶಾಲೆಯ ಅಂಗಳದಲ್ಲಿ ತೋರಿಸಲಾಗುವುದು. ಅಕ್ಕಪಕ್ಕದ ಊರವರೂ ಬರಬಹುದು. ತಮ್ಮ ತಮ್ಮ ಹಗ್ಗ ತರಬೇಕು.